ಅಖಾಡದ ಅಂಚಿನಲ್ಲಿ ಕುಳಿತವರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕುಸ್ತಿಗೂ ಮುಷ್ಟಿಯುದ್ಧಕ್ಕೂ ಏನು ಕೆಲಸವೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕನ್ನಡ ಸಾಹಿತ್ಯದ ಮೊದಲ ಪುಟಗಳನ್ನು ತೆರೆದರೆ ಅಲ್ಲಿಯೇ ತೊಡೆ ತಟ್ಟುವ ಸಪ್ಪಳ ಕೇಳಿಸುತ್ತದೆ. ಪಂಪ ಮಹಾಕವಿ 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೊಡಗುತ್ತಾರೆ. ಎರಡು ಸೇನೆಗಳು ಕಾದಿ ಸಾಯುವುದಕ್ಕಿಂತ ಅಣ್ಣತಮ್ಮಂದಿರಿಬ್ಬರೇ ಬಲಾಬಲ ನೋಡಿಕೊಳ್ಳಲಿ ಎಂಬುದು ಅಲ್ಲಿ ಮಂತ್ರಿಗಳ ವಿವೇಕ. ರನ್ನನಂತೂ ಇಡೀ ಒಂದು ಮಹಾಕಾವ್ಯವನ್ನು ಇಬ್ಬರ ಗದಾಯುದ್ಧದ ಮೇಲೆ ನಿಲ್ಲಿಸಿದನು. ನಮ್ಮ ಪಕ್ಕದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ‘ಮಲ್ಲವಿನೋದ’ವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಂದ ಹೇಗೆ ವಿಂಗಡಿಸಬೇಕು, ಅವರಿಗೆ ಯಾವ ವ್ಯಾಯಾಮ, ಯಾವ ಆಹಾರ ಎಂಬುದನ್ನೆಲ್ಲ ಅರಸನು ಅಲ್ಲಿ ಹೇಳಿದ್ದಾನೆ. ಆದುದರಿಂದ ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ನಾವು ಕುಸ್ತಿಯ ಅಭಿಮಾನಿಗಳೆಂದು ಹೇಳಿಕೊಂಡರೆ ಅದು ಪರಂಪರೆಯ ಮಾತೇ ಹೊರತು ಹೊಸ ಹುಚ್ಚಲ್ಲ.

ಈ ಮೂರು ಊರುಗಳ ಚರಿತ್ರೆಯನ್ನು ಎಳೆಯರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಒಳಿತು. ನಿಜಾಮರ ಕಾಲದಲ್ಲಿ ಜಹೀರಾಬಾದ, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಬೀದರ, ಗುಲಬರ್ಗಾ ಆ ಕಡೆ ಹೋದವು, ನಾವು ಈ ಕಡೆ ಉಳಿದೆವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಿಲ್ಲೆಗಳು ಮತ್ತೆ ಒಡೆದು ಮೊದಲೆರಡು ಊರು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದವು. ನಕಾಶೆ ಇಷ್ಟು ಬಾರಿ ಬದಲಾದರೂ ಜಾತ್ರೆಗಳು ತಮ್ಮ ತಿಥಿಯನ್ನು ಬದಲಿಸಲಿಲ್ಲ. ಝರಾಸಂಗದ ಕೇತಕಿ ಸಂಗಮೇಶ್ವರನಿಗೆ ಶಿವರಾತ್ರಿಯಂದು ಬೀದರದ ಭಕ್ತರು ಇಂದಿಗೂ ಬರುತ್ತಾರೆ. ತಾಂಡೂರಿನ ಭಾವಿಗಿ ಭದ್ರೇಶ್ವರನ ತೇರಿಗೆ ಸೇಡಂ, ಚಿಂಚೋಳಿಯ ಬೀಗರು ಬರುತ್ತಾರೆ. ನಮ್ಮ ಸೀಮೆಯ ಹಳ್ಳಿಗಳ ಜಾತ್ರೆಯಿರಲಿ, ಉರುಸಿರಲಿ, ಮೊದಲ ದಿನ ದೇವರದು, ಕಡೆಯ ದಿನ ಪೈಲ್ವಾನರದು.

ಆ ಕಡೆಯ ದಿನದ ಕುಸ್ತಿಯನ್ನು ಕಾಣದವರಿಗೆ ಅದರ ಕ್ರಮವನ್ನು ತಿಳಿಸಬೇಕು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಹಲಗೆಯವರು ಬಡಿಯಲು ಆರಂಭಿಸುತ್ತಾರೆ. ಊರ ಹೊರಗಿನ ಹೊಲದಲ್ಲಿ ನೆಲ ಉತ್ತು, ಕಲ್ಲು ಆರಿಸಿ, ಮಣ್ಣು ಹದಮಾಡಿರುತ್ತಾರೆ. ಜನ ಬಂದು ಸುತ್ತ ಕುಳಿತರೆ ಅದೇ ಅಖಾಡ. ಬೇಲಿ ಬೇಕಿಲ್ಲ, ಟಿಕೆಟ್ ಇಲ್ಲ. ಪಟಗಾ ಸುತ್ತಿದ ನಾಲ್ಕೈದು ಹಿರಿಯರು ಪಂಚರಾಗಿ ಒಳಗೆ ನಿಲ್ಲುತ್ತಾರೆ. ಮೊದಲು ಎಳೆಯ ಹುಡುಗರ ಕುಸ್ತಿ. ಅದಕ್ಕೆ ಬಹುಮಾನ ಒಂದು ತೆಂಗಿನಕಾಯಿ. ಆಮೇಲೆ ಹತ್ತು ರೂಪಾಯಿ, ಐವತ್ತು, ನೂರು ಎಂದು ಏರುತ್ತ ಹೋಗಿ, ದೀಪ ಹಚ್ಚುವ ಹೊತ್ತಿಗೆ ಕಟ್ಟಕಡೆಯ ಕುಸ್ತಿ ಬರುತ್ತದೆ. ಅದರಲ್ಲಿ ಗೆದ್ದವನ ಕೈಗೆ ಬೆಳ್ಳಿಯ ಕಡ. ಎಷ್ಟು ತೊಲೆಯದೆಂಬುದರ ಮೇಲೆ ಆ ಊರಿನ ಮರ್ಯಾದೆಯನ್ನು ಜನ ಅಳೆಯುತ್ತಾರೆ.

ಇದರಲ್ಲೆಲ್ಲ ನಮಗೆ ಬಹಳ ಹಿಡಿಸುವ ಘಟ್ಟ ಕುಸ್ತಿಗಿಂತ ಮುಂಚಿನದು. ಅದಕ್ಕೆ ‘ಜೋಡಿ ಹಚ್ಚುವುದು’ ಎನ್ನುತ್ತಾರೆ. ಒಬ್ಬ ಪೈಲ್ವಾನನು ಅಖಾಡದ ಸುತ್ತ ಕೈಯೆತ್ತಿ ನಡೆಯುತ್ತಾನೆ. ಅವನಿಗೆ ಸರಿಸಾಟಿಯಾದವನು ಎದ್ದು ಬಂದು ಕೈ ಕೊಡಬೇಕು. ತಕ್ಕಡಿ ಇಲ್ಲ, ಕಾಗದ ಇಲ್ಲ. ಪಂಚರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಭುಜ ನೋಡಿ, ಕುತ್ತಿಗೆ ನೋಡಿ, ವಯಸ್ಸು ಕೇಳಿ, ‘ಜೋಡಿ ಬರಾಬರಿ ಅದ’ ಎಂದರೆ ಮಾತ್ರ ಹಲಗೆ ಮತ್ತೆ ಬಡಿಯುತ್ತದೆ. ಒಬ್ಬನು ಕೊಂಚ ಹಗುರನಾಗಿ ಕಂಡರೆ ಜನರೇ ಕೂಗಿ ಎಬ್ಬಿಸುತ್ತಾರೆ. ಬಲಿಷ್ಠನು ದುರ್ಬಲನನ್ನು ಕೆಡವುವುದನ್ನು ನೋಡಲು ಯಾರೂ ಬಂದಿರುವುದಿಲ್ಲ. ಸಮಾನರಲ್ಲಿ ಯಾರು ಮೇಲೆಂಬುದೇ ಕುತೂಹಲ. ಬಳಿಕ ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಒಬ್ಬರ ಮೈಮೇಲೊಬ್ಬರು ಒಂದು ಹಿಡಿ ಮಣ್ಣೆರಚಿ, ಸಲಾಮಿ ಮಾಡಿ ಕೈ ಬೆಸೆಯುತ್ತಾರೆ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್. ಅಲ್ಲಿಗೆ ಮುಗಿಯಿತು. ಗೆದ್ದವನು ಸೋತವನ ಕೈ ಹಿಡಿದು ಎಬ್ಬಿಸುತ್ತಾನೆ. ಇಬ್ಬರೂ ಕೂಡಿ ಸುತ್ತು ಹೊಡೆಯುತ್ತಾರೆ. ಸೋತವನ ಕೈಗೂ ಜನ ನೋಟು ತುರುಕುತ್ತಾರೆ.

ಅಖಾಡದ ಭಾಷೆಯನ್ನು ಭಾಷಾಶಾಸ್ತ್ರಜ್ಞರು ಬಂದು ಕೇಳಬೇಕು. ಒಂದೇ ಹಿಡಿತಕ್ಕೆ ಒಂದು ಮೂಲೆಯಿಂದ ‘ಕಾಲ ಬಿಡಬ್ಯಾಡೋ ತಮ್ಮಾ’ ಎಂದು ಕನ್ನಡ, ಇನ್ನೊಂದರಿಂದ ‘ವದಲೊದ್ದು’ ಎಂದು ತೆಲುಗು, ಮತ್ತೊಂದರಿಂದ ‘ಶಾಬಾಶ್ ಪಟ್ಠೆ’ ಎಂದು ಉರ್ದು, ದೆಗಲೂರು ಉದಗೀರ ಕಡೆಯವರಿದ್ದರೆ ‘ಸೋಡೂ ನಕೋ’ ಎಂದು ಮರಾಠಿ. ‘ಪಟ್ಟು’ ಎಂಬುದು ಕನ್ನಡದಲ್ಲಿ ಹಿಡಿತದ ಹೆಸರು, ತೆಲುಗಿನಲ್ಲಿ ಹಿಡಿಯೆಂಬ ಆಜ್ಞೆ. ಅಲ್ಲಿ ಎರಡಕ್ಕೂ ಭೇದ ಉಳಿಯುವುದಿಲ್ಲ. ತಾಲೀಮು, ವಸ್ತಾದ, ದಾಂವು, ಪೇಚು, ಧೋಬಿಪಛಾಡ, ಕಲಾಜಂಗ, ಢಾಕ ಎಂಬ ಶಬ್ದಗಳು ಪಾರಸಿ, ಹಿಂದುಸ್ತಾನಿ, ಮರಾಠಿ ದಾರಿಗಳಲ್ಲಿ ಬಂದು ನಮ್ಮವಾದವು. ಸಾಮು, ಗರಡಿ, ಮಲ್ಲ ಎಂಬವು ಮೊದಲಿನಿಂದಲೂ ಇದ್ದವು. ತಾಲೀಮಿನ ಗೋಡೆಯ ಮೇಲೆ ಆಂಜನೇಯನ ಪಟ. ಅದರ ಮುಂದೆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸುತ್ತಿದ್ದ ವಸ್ತಾದರು ಅನೇಕ ಊರುಗಳಲ್ಲಿ ಮುಸಲ್ಮಾನರು. ‘ಯಾ ಅಲಿ’ ಎಂದು ಒಬ್ಬನು, ‘ಬಜರಂಗಬಲಿ’ ಎಂದು ಇನ್ನೊಬ್ಬನು ಬೈಠಕು ಹೊಡೆಯುತ್ತಿದ್ದರೆ ಲೆಕ್ಕ ಮಾತ್ರ ಒಂದೇ ಆಗಿರುತ್ತಿತ್ತು. ನಾಗರಪಂಚಮಿ ಬಂದರೆ ತಾಲೀಮಿಗೆ ಸುಣ್ಣ ಬಣ್ಣ ಬಳಿಯುವುದರಲ್ಲಿ ಎಲ್ಲ ಮನೆಗಳ ಹುಡುಗರೂ ಇರುತ್ತಿದ್ದರು.

ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. 1948ರ ಸುಮಾರಿನ ದಿನಗಳಲ್ಲಿ ಬೀದರ ಜಿಲ್ಲೆಯ ಹಳ್ಳಿಗಳು ನಿಯಮವಿಲ್ಲದ ಹೊಡೆದಾಟವೆಂದರೆ ಏನೆಂಬುದನ್ನು ಕಂಡವು. ಎರಡೂ ಕಡೆಯ ಮನೆಗಳಲ್ಲಿ ಹೆಣ ಬಿದ್ದವು. ಅಲ್ಲಿ ಜೋಡಿ ಹಚ್ಚುವ ಪಂಚರಿರಲಿಲ್ಲ. ಚಿತ್ ಆದವನನ್ನು ಕೈ ಹಿಡಿದು ಎಬ್ಬಿಸುವವರಿರಲಿಲ್ಲ. ನಮ್ಮ ತಂದೆಯವರು ಆ ಕಾಲದ ಬಗ್ಗೆ ಹೆಚ್ಚು ಮಾತನಾಡುತ್ತಿರಲಿಲ್ಲ. ಒಂದೇ ಮಾತನ್ನು ಆಗಾಗ ಹೇಳುತ್ತಿದ್ದರು: ಎರಡು ವರ್ಷ ನಿಂತುಹೋಗಿದ್ದ ಕುಸ್ತಿ ಮತ್ತೆ ಶುರುವಾಗಿ, ಎರಡು ಓಣಿಯ ಹುಡುಗರು ಮೈಗೆ ಮೈ ತಾಗಿಸಿ ಮಣ್ಣಲ್ಲಿ ಹೊರಳಿದ ದಿನ ಊರು ಮತ್ತೆ ಊರಾಯಿತು. ಪುಸ್ತಕದಲ್ಲಿ ಓದಿದ ಬಾಹುಬಲಿಯ ಕಥೆ ನಮಗೆ ಅರ್ಥವಾದದ್ದು ಈ ಮಾತಿನಿಂದ.

ನಾವು ಬೆಳೆದಂತೆ ಅಭಿಮಾನವೂ ಊರಿನ ಎಲ್ಲೆ ದಾಟಿತು. ಜಹೀರಾಬಾದಿನ ಕ್ಷೌರದಂಗಡಿಯೊಂದರಲ್ಲಿ ಹೈದರಾಬಾದಿನ ‘ಸಿಯಾಸತ್’ ಪತ್ರಿಕೆ ಬರುತ್ತಿತ್ತು. ಉರ್ದು ಬಲ್ಲ ಹಿರಿಯರೊಬ್ಬರು ಗಟ್ಟಿಯಾಗಿ ಓದುವರು, ಸರದಿಗೆ ಕಾದವರೂ ಕಾಯದವರೂ ಕೇಳುವರು. ಮುಹಮ್ಮದ್ ಅಲಿ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಹಾಗೆ. 1960ರ ರೋಮ್ ಒಲಿಂಪಿಕ್ಸಿನ ಚಿನ್ನ, 1964ರಲ್ಲಿ ಲಿಸ್ಟನ್ನನ ಮೇಲಿನ ಜಯ ಇವನ್ನು ನಾವು ಆಮೇಲೆ ತಿಳಿದೆವು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದು ಆತ ಸೇನೆಗೆ ಸೇರಲು ನಿರಾಕರಿಸಿ ಪದವಿಯನ್ನೇ ಕಳೆದುಕೊಂಡದ್ದು ಕಾಲೇಜಿನ ದಿನಗಳಲ್ಲಿ ನಮಗೆ ದೊಡ್ಡ ಚರ್ಚೆಯ ವಿಷಯವಾಗಿತ್ತು. ಮುಷ್ಟಿಯಿಂದ ಬದುಕುವವನು ಕೊಲ್ಲಲಾರೆ ಎಂದನಲ್ಲ! 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ತನಗಿಂತ ಏಳು ವರ್ಷ ಕಿರಿಯನಾದ ಜಾರ್ಜ್ ಫೋರ್ಮನ್ನನ ಹೊಡೆತಗಳನ್ನು ಹಗ್ಗಕ್ಕೊರಗಿ ತಾಳಿಕೊಂಡು, ಅವನು ದಣಿದಾಗ ಎಂಟನೆಯ ಸುತ್ತಿನಲ್ಲಿ ಉರುಳಿಸಿದ ವರದಿಯನ್ನು ಕೇಳಿದ ನಮ್ಮ ಊರ ವಸ್ತಾದರು, ‘ಇದು ಕುಸ್ತಿಯವನ ಅಕ್ಕಲು’ ಎಂದು ಒಪ್ಪಿಗೆಯ ಮುದ್ರೆ ಒತ್ತಿದರು. ಎದುರಾಳಿಯ ಬಲವನ್ನೇ ಅವನ ಮೇಲೆ ತಿರುಗಿಸುವುದು ಮಣ್ಣಿನವರಿಗೆ ಹೊಸದೇನಲ್ಲ.

ಬಳಿಕ ಬ್ರೂಸ್ ಲೀ ಚಿತ್ರಗಳ ಕಾಲ ಬಂತು. 1973ರಲ್ಲಿಯೇ ತೀರಿಕೊಂಡ ಆತ ನಮ್ಮ ಊರುಗಳ ಟಾಕೀಸುಗಳಿಗೆ ಬಂದದ್ದು ತಡವಾಗಿ. ಬಂದ ಮೇಲೆ ಮಾತ್ರ ಎಲ್ಲ ಹುಡುಗರ ಹಣೆಗೂ ಪಟ್ಟಿ, ಬಾಯಲ್ಲಿ ವಿಚಿತ್ರ ಕೂಗು. ತಾಂಡೂರಿನಲ್ಲಿ ಕಲ್ಲಿಗೆ ಬರವೇ? ಫರಸಿಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಅಂಗೈ ಅಂಚಿನಿಂದ ಒಡೆಯಲು ಹೊರಟ ನಮ್ಮ ಒಂಬತ್ತನೆಯ ತರಗತಿಯ ವೀರನೊಬ್ಬ, ಮರುದಿನ ಊದಿಕೊಂಡ ಕೈ ಹಿಡಿದು ‘ಪರೀಕ್ಷೆ ಹೆಂಗ ಬರಿಯಲ್ರೀ ಸರ್’ ಎಂದು ನಿಂತನು. ಕಲ್ಲು ಹಾಗೆಯೇ ಇತ್ತು. ನಾವು ಆ ತರಗತಿಗೆ ಜುಡೋ ಕಟ್ಟಿದ ಜಿಗೊರೊ ಕಾನೋ ಅವರ ವಿಷಯ ಹೇಳಿದೆವು. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದ ಆ ಮಹನೀಯರು ವೃತ್ತಿಯಿಂದ ನಮ್ಮವರೇ, ಶಿಕ್ಷಕರು. ಶಿಕ್ಷಕರನ್ನು ತಯಾರುಮಾಡುವ ಉನ್ನತ ವಿದ್ಯಾಲಯಕ್ಕೆ ಮುಖ್ಯಸ್ಥರಾಗಿದ್ದವರು. ಹಳೆಯ ಜುಜುತ್ಸುವಿನಿಂದ ಅಪಾಯಕಾರಿ ಪಟ್ಟುಗಳನ್ನು ಅಭ್ಯಾಸದ ಆಟದಿಂದ ಬೇರ್ಪಡಿಸಿ, ಬೀಳುವುದನ್ನು ಮೊದಲು ಕಲಿಸಿ, ಅದಕ್ಕೆ ‘ಮೃದುಮಾರ್ಗ’ವೆಂಬ ಅರ್ಥದ ಹೆಸರಿಟ್ಟರು. ಬೀಳುವುದನ್ನು ಮೊದಲು ಕಲಿಸುವ ವಿದ್ಯೆ ಗಣಿತಕ್ಕೂ ಬೇಕು, ಬದುಕಿಗೂ ಬೇಕು ಎಂದು ಆ ಹುಡುಗರಿಗೆ ಹೇಳಿದ್ದು ನೆನಪಿದೆ.

ಇಷ್ಟಾಗಿಯೂ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅಹಿಂಸೆಯ, ದಯೆಯ ನಾಡಿನಲ್ಲಿ ಹುಟ್ಟಿ, ಶರಣರ ವಚನಗಳನ್ನು ತರಗತಿಯಲ್ಲಿ ಪಾಠ ಹೇಳಿದವರು ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೊಡೆಯುವುದನ್ನು ನೋಡಿ ಸಂತೋಷಪಡುವುದು ಹೇಗೆ? ನಮ್ಮ ಮನೆಯವರು ದೂರದರ್ಶನದಲ್ಲಿ ಮುಷ್ಟಿಯುದ್ಧ ಬಂದಾಗಲೆಲ್ಲ ಒಳಗೆ ಎದ್ದು ಹೋಗುತ್ತ ಈ ಪ್ರಶ್ನೆಯನ್ನು ಮೌನವಾಗಿ ಕೇಳುತ್ತಿದ್ದರು. ಸುಲಭವಾದ ಉತ್ತರವಿಲ್ಲ. 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನಿಗೆ ಹತ್ತು ಸೆಕೆಂಡು ಇವನ್ನೆಲ್ಲ ತಂದು ಬಯಲು ಗುದ್ದಾಟವನ್ನು ಆಟವಾಗಿಸಿದವು. ಆದರೂ 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಎಂಬ ಯುವಕ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಪ್ರಾಣಬಿಟ್ಟ ಮೇಲೆಯೇ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಲು ಆರಂಭಿಸಿದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಹೊತ್ತಿಸಲು ಬಂದ ಅಲಿಯ ಕೈ ನಡುಗುತ್ತಿದ್ದುದನ್ನು ಜಗತ್ತೇ ಕಂಡಿತು. ಆ ಪಾರ್ಕಿನ್ಸನ್ ರೋಗದಲ್ಲಿ ತಲೆಗೆ ಬಿದ್ದ ಹೊಡೆತಗಳ ಪಾಲೆಷ್ಟು ಎಂದು ವೈದ್ಯರು ವಾದಿಸಬಹುದು. ಚಪ್ಪಾಳೆ ತಟ್ಟಿದವರ ಮನಸ್ಸಿಗೆ ಮಾತ್ರ ಆ ನಡುಕ ತಾಗದಿರದು.

ನಮ್ಮ ಮಟ್ಟಿಗೆ ನಾವು ಕಂಡುಕೊಂಡ ಸಮಾಧಾನ ಇಷ್ಟು. ಹಿಂಸೆಯ ಲಕ್ಷಣ ಪೆಟ್ಟಿನಲ್ಲಿಲ್ಲ, ಅಸಮಾನತೆಯಲ್ಲಿದೆ. ಬೆತ್ತ ಹಿಡಿದ ಮೇಷ್ಟರ ಮುಂದೆ ಕೈಚಾಚಿ ನಿಂತ ಮಗುವಿಗೆ ತಿರುಗಿ ನಿಲ್ಲುವ ಅಧಿಕಾರವಿಲ್ಲ. ಆದುದರಿಂದ ಅದು ಹಿಂಸೆ, ಕಾನೂನು ಅದನ್ನು ನಿಷೇಧಿಸಿದ್ದು ಸರಿ. ಸಾಲಗಾರನ ಕೊರಳಪಟ್ಟಿ ಹಿಡಿಯುವವನೂ, ಮನೆಯೊಳಗೆ ಹೆಂಡತಿಯ ಮೇಲೆ ಕೈಮಾಡುವವನೂ ಜೋಡಿ ಹಚ್ಚಿಕೊಂಡು ಬಂದವರಲ್ಲ. ಅಖಾಡದಲ್ಲಿಯಾದರೋ ಇಬ್ಬರೂ ಒಪ್ಪಿ ಬಂದವರು, ಇಬ್ಬರೂ ಸಮಾನರು, ಆಟಕ್ಕೊಂದು ಕೊನೆಯಿದೆ, ಕೊನೆಗೊಂದು ಆಲಿಂಗನವಿದೆ. ಈ ಅಳತೆಗೋಲಿನಿಂದ ನೋಡಿದರೆ ಕುಸ್ತಿ, ಜುಡೋಗಳು ನಮ್ಮ ಪೂರ್ಣ ಅಭಿಮಾನಕ್ಕೆ ಪಾತ್ರ. ಮುಷ್ಟಿಯುದ್ಧದಲ್ಲಿ ತಲೆಯೇ ಗುರಿಯಾಗಿರುವುದರಿಂದ ಮನಸ್ಸು ಅರ್ಧ ಹಿಂಜರಿಯುತ್ತದೆ. ಮೂರು ಸುತ್ತಿನ ಒಲಿಂಪಿಕ್ ಮಾದರಿಯನ್ನು ನೋಡುತ್ತೇವೆ, ರಕ್ತ ಕಂಡರೆ ಕಣ್ಣು ಹೊರಳಿಸುತ್ತೇವೆ. ಬಿದ್ದವನ ಮೇಲೆ ಕುಳಿತು ಗುದ್ದುವ ಪಂಜರದ ಕಾಳಗಗಳು ಮೊಮ್ಮಕ್ಕಳ ಮೊಬೈಲಿನಲ್ಲಿ ಕಾಣುತ್ತವೆ. ಅವು ನಮ್ಮ ಅಭಿರುಚಿಗೆ ಒಗ್ಗಲಿಲ್ಲ.

ಅಭಿಮಾನಿಯ ಕಷ್ಟ ಇಲ್ಲಿಗೆ ಮುಗಿಯುವುದಿಲ್ಲ. ಕುಸ್ತಿ ಮುಗಿದ ಮೇಲೆ ಪೈಲ್ವಾನನು ಎಲ್ಲಿಗೆ ಹೋಗುತ್ತಾನೆ? ಗಾಮಾ ಪೈಲ್ವಾನರನ್ನು ನೆನೆಯೋಣ. 1910ರಲ್ಲಿ ಲಂಡನ್ನಿನಲ್ಲಿ ಅವರೆದುರು ಜಿಬಿಸ್ಕೊ ಎರಡು ಗಂಟೆಗೂ ಮೀರಿ ನೆಲಕ್ಕಂಟಿಕೊಂಡು ಕುಸ್ತಿಯನ್ನು ಬರಾಬರಿ ಮಾಡಿಕೊಂಡನು. 1928ರಲ್ಲಿ ಪಟಿಯಾಲಾದಲ್ಲಿ ಒಂದು ನಿಮಿಷದೊಳಗೆ ಗಾಮಾ ಅವನನ್ನು ಚಿತ್ ಮಾಡಿದರು. ಅಂಥವರು 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡದ್ದು ರೋಗ, ಬಡತನಗಳ ನಡುವೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು. ಅವರ ಪ್ರಯಾಣಕ್ಕೆ ಹಣ ಸಾಲದಾದಾಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ತಂದುಕೊಟ್ಟರು. ಜಾಧವ 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. ಅಭಿಮಾನವೆಂದರೆ ಏನೆಂದು ಯಾರಾದರೂ ಕೇಳಿದರೆ ನಾವು ತೋರಿಸುವುದು ಆ ಪ್ರಾಚಾರ್ಯರ ಮನೆಯ ಕಾಗದವನ್ನು.

ಕೆಲವು ವರ್ಷಗಳ ಹಿಂದೆ ಜಹೀರಾಬಾದ ಬಸ್ ನಿಲ್ದಾಣದಲ್ಲಿ ಗಂಟುಕಟ್ಟಿದ ಕಿವಿಯ ಒಬ್ಬ ಗೃಹಸ್ಥ ಬಂದು ನಮ್ಮ ಕಾಲು ಮುಟ್ಟಿದನು. ಹತ್ತನೆಯ ತರಗತಿಯವರೆಗೆ ನಮ್ಮಲ್ಲಿ ಓದಿದ ಹುಡುಗ. ಒಂದು ಕಾಲಕ್ಕೆ ನಾರಾಯಣಖೇಡದ ಕಡೆಯ ಜಾತ್ರೆಗಳಲ್ಲಿ ಅವನಿಗೆ ಜೋಡಿ ಸಿಗುವುದೇ ಕಷ್ಟವಾಗಿತ್ತು. ಈಗ ಹೈದರಾಬಾದಿನ ಒಂದು ವಸತಿ ಸಮುಚ್ಚಯದಲ್ಲಿ ರಾತ್ರಿ ಕಾವಲು ಕೆಲಸ, ಮೊಣಕಾಲು ನೋವು. ಗೆದ್ದ ಬೆಳ್ಳಿ ಕಡಗಳು ಎಲ್ಲಿ ಎಂದು ಕೇಳಿದೆವು. ‘ಮಾರೀನ್ರೀ ಸರ್, ಮಗಳ ಕಾಲೇಜಿನ ಫೀಸಿಗಿ. ಒಂದು ಇಟ್ಟೀನ್ರಿ, ಆಕಿ ಮದಿವಿಗಿ’ ಎಂದನು. ಅವನ ಮುಖದಲ್ಲಿ ದುಃಖವಿರಲಿಲ್ಲ. ಜೋಡಿ ಬರಾಬರಿ ಎಂದು ಒಪ್ಪಿ ಬದುಕಿನೊಂದಿಗೆ ಕೈ ಬೆಸೆದವನ ಶಾಂತಿಯಿತ್ತು. ನಮ್ಮ ಬಸ್ಸು ಬಂತು. ಚೀಲವನ್ನು ಎತ್ತಿ ಮೇಲಿಟ್ಟವನು ಅವನೇ.

ಆ ಮಗಳಂಥವರ ಕಾಲ ಈಗ ಬಂದಿದೆ. ನಮ್ಮ ಬಾಲ್ಯದಲ್ಲಿ ಅಖಾಡದ ಹತ್ತಿರ ಹೆಣ್ಣುಮಕ್ಕಳು ಸುಳಿಯುತ್ತಿರಲಿಲ್ಲ. ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಕುಸ್ತಿ 2004ರಲ್ಲಿ, ಸ್ತ್ರೀಯರ ಮುಷ್ಟಿಯುದ್ಧ 2012ರಲ್ಲಿ ಬಂದವು. ಆ ವರ್ಷವೇ ಮಣಿಪುರದ ಮೇರಿ ಕೋಮ್ ಕಂಚು ತಂದರು. ನಾರಾಯಣಖೇಡದಿಂದ ಉತ್ತರಕ್ಕಿರುವ ನಿಜಾಮಾಬಾದಿನ ನಿಖತ್ ಜರೀನ್, ಸ್ವತಃ ಕ್ರೀಡಾಪಟುವಾಗಿದ್ದ ತಂದೆಯ ಕೈಹಿಡಿದು ಮೈದಾನಕ್ಕೆ ಬಂದವಳು, ಭುಜದ ಗಾಯವನ್ನು ಗೆದ್ದು 2022ರ ಮೇ 19ರಂದು ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಮರುವರ್ಷ ದೆಹಲಿಯಲ್ಲಿ ಮತ್ತೆ ಆದಳು. ಮುಷ್ಟಿಯುದ್ಧ ಬಂದರೆ ಎದ್ದು ಹೋಗುತ್ತಿದ್ದ ನಮ್ಮ ಮನೆಯವರು ಇಸ್ತಾಂಬುಲ್‌ನ ಆ ಪಂದ್ಯವನ್ನು ಕುಳಿತು ನೋಡಿದರು. ‘ನಮ್ಮ ಕಡೆ ಹುಡುಗಿ’ ಎಂದರು. ನಮ್ಮ ನಲವತ್ತು ವರ್ಷದ ವಾದಗಳು ಮಾಡಲಾರದ ಕೆಲಸವನ್ನು ಆ ಹುಡುಗಿ ಮೂರು ಸುತ್ತಿನಲ್ಲಿ ಮಾಡಿದಳು. 2024ರ ಪ್ಯಾರಿಸ್ಸಿನಲ್ಲಿ ನಿಖತ್ ಬೇಗ ಸೋತಳು. ಕುಸ್ತಿಯ ವಿನೇಶ್ ಫೋಗಟ್ ಫೈನಲ್ಲಿಗೆ ಬಂದೂ 100 ಗ್ರಾಂ ತೂಕ ಹೆಚ್ಚಾಗಿ ಹೊರಬಿದ್ದಳು. ಭುಜ ನೋಡಿ ಜೋಡಿ ಹಚ್ಚುತ್ತಿದ್ದ ನಮ್ಮ ಪಂಚರು ಇದ್ದಿದ್ದರೆ ಆ ತಕ್ಕಡಿಗೆ ಏನೆನ್ನುತ್ತಿದ್ದರೋ! ನಿಯಮ ನಿಯಮವೇ, ಒಪ್ಪಬೇಕು. ಆದರೆ ಆ ಬೆಳಿಗ್ಗೆ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಚಹಾ ಆರಿಹೋಯಿತು.

ಈಗ ನಮ್ಮ ತಾಲೀಮುಗಳಲ್ಲಿ ಹಲವಕ್ಕೆ ಬೀಗ ಬಿದ್ದಿದೆ. ಕೆಲವು ಕಡೆ ಜಿಮ್ ಬಂದಿದೆ. ಅಲ್ಲಿ ಕನ್ನಡಿಯಿದೆ, ಎದುರಾಳಿಯಿಲ್ಲ. ಜಾತ್ರೆಯ ಕುಸ್ತಿ ಇನ್ನೂ ಉಳಿದಿದೆ, ತೆಂಗಿನಕಾಯಿಗೆ ಎದ್ದು ಬರುವ ಹುಡುಗರು ಕಡಿಮೆಯಾಗಿದ್ದಾರೆ. ಅವರೊಂದಿಗೆ ಗಡಿನಾಡಿನ ಕನ್ನಡದ ಒಂದು ಪದಕೋಶವೇ ಮರೆಯಾಗುತ್ತಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಕಾಗದಪತ್ರದಲ್ಲಿ ಉರ್ದು ಎಂದು ಬಾಳಿದ ನಮಗೆ ಈ ನಷ್ಟದ ಬೆಲೆ ಗೊತ್ತಿದೆ.

ಆದುದರಿಂದ ಸಂಘದ ಪದಾಧಿಕಾರಿಗಳಲ್ಲಿ ಎರಡು ವಿನಂತಿಗಳು. ಮುಂದಿನ ಸಮ್ಮೇಳನದಲ್ಲಿ ಕವಿಗಳಿಗೂ ವಿದ್ವಾಂಸರಿಗೂ ಶಾಲು ಹೊದಿಸುವ ವೇದಿಕೆಯ ಮೇಲೆ ಮೂರು ತಾಲೂಕಿನ ಒಬ್ಬೊಬ್ಬ ಹಿರಿಯ ಪೈಲ್ವಾನರನ್ನೂ ಕರೆದು ಕೂರಿಸಬೇಕು. ಶಾಲಿನ ಜೊತೆಗೆ ಔಷಧಿಯ ಖರ್ಚಿಗಾಗುವಷ್ಟು ನಿಧಿಯನ್ನೂ ಕೈಗಿಡಬೇಕು. ಎರಡನೆಯದು, ಅವರ ಬಾಯಿಂದ ಪಟ್ಟುಗಳ ಹೆಸರನ್ನೂ ವಿವರಣೆಯನ್ನೂ ಕೇಳಿ ಬರೆದುಕೊಂಡು ಒಂದು ಕಿರುಪುಸ್ತಕ ತರಬೇಕು. ಸೋಮೇಶ್ವರ ಅರಸನು ಪಟ್ಟುಗಳ ಹೆಸರು ಬರೆದನು, ಅವುಗಳ ವಿವರಣೆ ಬರೆಯಲಿಲ್ಲ; ಇಂದು ಅವು ಏನೆಂದು ಹೇಳುವವರಿಲ್ಲ. ನಮ್ಮ ವಸ್ತಾದರು ಇನ್ನೂ ಇದ್ದಾರೆ. ಬರೆದುಕೊಳ್ಳಲು ಕೈಗಳು ಬೇಕು. ಕಣ್ಣು ಮಂಜಾದರೂ ಪೆನ್ನು ಹಿಡಿಯಲು ನಾವು ಸಿದ್ಧರಿದ್ದೇವೆ.